ಮೊದಲ ಬೆಂಚಿನ ಟೀಚರಮ್ಮ

ಶಿಕ್ಷಕರ ತರಬೇತಿಯ ದಿನ ಬಂತೆಂದರೆ ಉಳಿದವರ ಮುಖ ಸಪ್ಪಗಾಗುತ್ತದೆ. ನಮ್ಮ ಒಂದನೇ ತರಗತಿಯ ಟೀಚರಮ್ಮನಿಗೆ ಮಾತ್ರ ಮದುವೆಮನೆಯ ಸಡಗರ. ಮಕ್ಕಳಿಗೆ ರಜೆಯಾಗಿ ಶಾಲೆಯೆಲ್ಲ ಬಿಕೋ ಎನ್ನುತ್ತಿದ್ದರೂ ಇವರು ಗೇಟು ತೆರೆಯುವ ಮೊದಲೇ ಹಾಜರು. ನಿವೃತ್ತಿಗೆ ಒಂದೇ ತಿಂಗಳು ಉಳಿದಿರುವ ಈ ಸಲವೂ ಪುಟ್ಟ ಮಕ್ಕಳ ಮೊದಲ ಬೆಂಚಿನಲ್ಲಿ ಮಂಡಿ ಗದ್ದಕ್ಕೆ ತಾಗುವಂತೆ ಕೂತು, ಹಿಂದಕ್ಕೆ ಜಾರುತ್ತಿದ್ದ ಗಣಿತದ ಮೇಷ್ಟ್ರನ್ನು "ಬನ್ನಿ ಸರ್, ಹಿಂದೆ ಕೂತ್ರೆ ನಿದ್ದೆ ಬರುತ್ತೆ" ಎಂದು ಎಳೆದು ಕೂರಿಸಿಕೊಂಡರು. ತರಬೇತಿ ಕೊಡಲು ಬಂದ ತರುಣ ಪ್ರಶ್ನೆ ಮುಗಿಸುವುದರೊಳಗೆ ಇವರ ಕೈ ಮೇಲೆ, ಉತ್ತರ ತಪ್ಪಾದರೆ "ಹೌದಾ, ಹಾಗಾದ್ರೆ ಇನ್ನೊಂದು ಹೇಳ್ಲಾ?" ಎಂದು ಆ ಕೈ ಮತ್ತೆ ಮೇಲೆ. ಹಾಡು ಹೇಳಿ ಎಂದರೆ ಕುಣಿದೂ ತೋರಿಸಿದರು. ಮಧ್ಯಾಹ್ನ ಹಳೆಯ ಕಾಲುಚೀಲದಿಂದ ಕೈಗೊಂಬೆ ಮಾಡುವುದನ್ನು ಕಲಿಸಿದಾಗ ನಾವೆಲ್ಲ ಹೇಗೋ ಹೊಲಿದು ಮುಗಿಸಿದೆವು. ಇವರು ಮಾತ್ರ ಕಣ್ಣಿಗಿಟ್ಟ ಗುಂಡಿ ಓರೆಯಾಯಿತೆಂದು ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಮುಖ್ಯೋಪಾಧ್ಯಾಯರು ನಕ್ಕು, "ಇನ್ನೊಂದು ತಿಂಗಳಿಗೆ ಇಷ್ಟೆಲ್ಲ ಯಾಕೆ ಮೇಡಂ?" ಎಂದರು. ಟೀಚರಮ್ಮ ಸೂಜಿಯಿಂದ ಕಣ್ಣೆತ್ತಲಿಲ್ಲ. "ನನ್ನ ಕ್ಲಾಸಲ್ಲಿ ಒಂದು ಹುಡುಗಿ ಇದ್ದಾಳೆ ಸರ್. ಶಾಲೆಗೆ ಸೇರಿದಾಗಿಂದ ನನ್ನ ಹತ್ರ ಒಂದು ಮಾತೂ ಆಡಿಲ್ಲ. ಇವನ ಹತ್ರ ಆಡಿದ್ರೂ ಆಡಬಹುದು." ಮುಖ್ಯೋಪಾಧ್ಯಾಯರು ತಾವು ಮಾಡಿದ್ದ ಸೊಟ್ಟಮೂತಿಯ ಗೊಂಬೆಯನ್ನು ಅವರ ಮುಂದಿಟ್ಟು, "ಹಾಗಾದ್ರೆ ಇವನನ್ನೂ ಕರ್ಕೊಂಡು ಹೋಗಿ. ಒಬ್ಬನ ಕೈಲಿ ಆಗದಿದ್ರೆ ಇನ್ನೊಬ್ಬ ಮಾತಾಡಿಸ್ತಾನೆ" ಎಂದರು. ಅವರ ಮಾತು ಮುಗಿಯುವಷ್ಟರಲ್ಲಿ ಟೀಚರಮ್ಮ ಎರಡೂ ಕೈಗೆ ಗೊಂಬೆ ತೊಟ್ಟು, ಎರಡು ದನಿಯಲ್ಲಿ ಮಾತು ಶುರುಮಾಡಿಬಿಟ್ಟಿದ್ದರು.