ಉಮಾಶಂಕರ ಜೀಪಿಗೆ ಹಾಕಿದ ಗಂಟು

ಗಾವಡಗೆರೆ ಕಡೆಯ ಆ ಊರಿನಲ್ಲಿ ಉಮಾಶಂಕರನ ಮುಂದೆ ನಿಂತು 'ಇದು ರಿಪೇರಿ ಆಗಲ್ಲ' ಎಂದು ಹೇಳಿ ಉಳಿದುಕೊಂಡವರಿಲ್ಲ. ಪಂಪುಸೆಟ್ಟು, ಮಿಕ್ಸಿ, ಹೊಗೆಸೊಪ್ಪನ್ನು ಬಿಸಿಯಲ್ಲಿ ಒಣಗಿಸಿ ಬೇಯಿಸುವ ಬ್ಯಾರನ್ ಮನೆಯ ಒಲೆ, ಮದುವೆಮನೆಯಲ್ಲಿ ಕೈಕೊಟ್ಟ ಜನರೇಟರು, ಏನೇ ಇರಲಿ, ಬಿಚ್ಚಿ ಗೋಣಿಚೀಲದ ಮೇಲೆ ಹರಡಿಕೊಂಡು ಕೂತುಬಿಡುತ್ತಿದ್ದ. ಅರ್ಧದಷ್ಟು ಸರಿಹೋಗುತ್ತಿದ್ದವು. ಇನ್ನರ್ಧದ ಗತಿಯೇನು ಎಂದು ಕೇಳಲು ಯಾರಿಗೂ ಧೈರ್ಯವಿರಲಿಲ್ಲ. ಮನುಷ್ಯ ಕೆಟ್ಟವನಲ್ಲ, ಆದರೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವನ ಕೆಲಸದಲ್ಲಿ ಒಂದು ಕೊಂಕು ತೆಗೆದರೆ ಮುಗಿಯಿತು, "ಗೊತ್ತಿದ್ರೆ ನೀನೇ ಮಾಡ್ಕೊ ಓಗು!" ಎಂದು ಕೈಯಲ್ಲಿದ್ದ ಸ್ಪ್ಯಾನರನ್ನು ಎಸೆದು ಎದ್ದುಹೋಗುವ ಗಿರಾಕಿ. ಆ ಸ್ಪ್ಯಾನರಿನ ಏಟಿಗೆ ಮನೆಯ ಹಿತ್ತಲ ಗೋಡೆಯಲ್ಲಿ ಮೂರು ಕಡೆ ಗಾರೆ ಕಿತ್ತುಬಂದಿತ್ತು.

ಇಂಥವನ ಕೈಗೆ ಒಂದು ಹಳೇ ಜೀಪು ಸಿಕ್ಕಿತು. ಎಚ್.ಡಿ. ಕೋಟೆ ಕಡೆಯ ತೋಟವೊಂದರಲ್ಲಿ ಮೂವತ್ತು ವರ್ಷ ದುಡಿದು ಕೊನೆಗೆ ಕೋಳಿಗಳು ಮೊಟ್ಟೆಯಿಡುವ ಜಾಗವಾಗಿದ್ದ ಜೀಪು ಅದು. ಉಮಾಶಂಕರನ ಹೊಲ ಇದ್ದದ್ದು ಕೆರೆಯ ಆಚೆ. ಮಳೆಗಾಲದಲ್ಲಿ ಆ ದಾರಿಯ ಕೆಸರಿನಲ್ಲಿ ಯಾವ ಗಾಡಿಯ ಹೊಟ್ಟೆಯೂ ನೆಲಕ್ಕೆ ತಾಗದೆ ದಾಟುತ್ತಿರಲಿಲ್ಲ. ಸರಿ, ಜೀಪನ್ನೇ ಮೇಲೆತ್ತಿಬಿಡುತ್ತೇನೆ ಎಂದು ಹೊರಟ. ಮೆಕ್ಯಾನಿಕ್ ಹತ್ತಿರ ಹೋಗುವ ಮಾತೇ ಇಲ್ಲ. ಫೋನಿನಲ್ಲಿ ವಿಡಿಯೋ ನೋಡಿ ಸ್ಪ್ರಿಂಗಿಗೆ ಪಟ್ಟಿ ಸೇರಿಸಿದ, ಕೊಪ್ಪದಿಂದ ದೊಡ್ಡ ಟೈರು ಹುಡುಕಿ ತಂದ. ನೀರು ನುಗ್ಗಬಾರದೆಂದು ಬ್ಯಾರನ್ನಿನ ಹಳೇ ತಗಡು ಸುತ್ತಿ ಇಂಜಿನ್ನಿಗೆ ಗಾಳಿಯ ಕೊಳವೆ ಮಾಡಿ ಬಾನೆಟ್ಟಿನ ಮೇಲಕ್ಕೆ ಎತ್ತಿ ಕಟ್ಟಿದ. ಸೊಪ್ಪು ಮುರಿಯಲು ಬರುವ ಹೆಂಗಸರು ಕೂರಲೆಂದು ಹಿಂದೆ ಎರಡು ಬೆಂಚು ಹಾಕಿದ. ಡ್ರೈವರ್ ಸೀಟಿನ ಪಕ್ಕದಲ್ಲೂ ಒಬ್ಬರು ಹೆಚ್ಚಿಗೆ ಕೂರಲಿ ಎಂದು ಹ್ಯಾಂಡ್ ಬ್ರೇಕಿನ ಲಿವರನ್ನೇ ಕಿತ್ತುಹಾಕಿದ.

ಓಡಿಸುವವಳು ಮಾತ್ರ ಅವನ ಹೆಂಡತಿ ಕಾವ್ಯಶ್ರೀ. ಸೊಪ್ಪು ಬೇಯುವ ದಿನಗಳಲ್ಲಿ ಅವನು ಬ್ಯಾರನ್ನಿನ ಬೆಂಕಿ ಬಿಟ್ಟು ಕದಲುವಂತಿಲ್ಲ, ಶಾಖ ಒಂದಿಷ್ಟು ಹೆಚ್ಚುಕಮ್ಮಿಯಾದರೂ ಒಂದು ಬ್ಯಾರನ್ ಸೊಪ್ಪು ಕರ್ರಗಾಗುತ್ತದೆ. ಹಾಗಾಗಿ ಜೀಪು ಎತ್ತರವಾಗುವ ಮುಂಚೆಯೇ ಅವಳು ಓಡಿಸಲು ಕಲಿತಳು. ಚೆನ್ನಾಗಿಯೇ ಕಲಿತಳು. ಕೂಲಿ ಹೆಂಗಸರು ಅವಳನ್ನು 'ಡ್ರೈವರವ್ವ' ಎಂದು ಕರೆಯತೊಡಗಿದಾಗ ಉಮಾಶಂಕರ ಹೊರಗೆ ಗೊಣಗಿದರೂ ಒಳಗೊಳಗೇ ಉಬ್ಬಿಹೋಗಿದ್ದ.

ಆವತ್ತು ಆಗಸ್ಟಿನ ಒಂದು ಬೆಳಿಗ್ಗೆ. ಎತ್ತರ ಮಾಡಿದ ಜೀಪು ಮೂರು ದಿನದಿಂದ ಊರೊಳಗೆ ಅಡ್ಡಾಡಿತ್ತು, ಕೆರೆಯಾಚೆಗೆ ಹೊರಟದ್ದು ಅದೇ ಮೊದಲು. ಎಂಟು ಜನ ಹೆಂಗಸರನ್ನು ಹತ್ತಿಸಿಕೊಂಡು ಕಾವ್ಯಶ್ರೀ ಹೋಗಿ ಹತ್ತು ನಿಮಿಷವಾಗಿತ್ತು. ಉಮಾಶಂಕರ ಬ್ಯಾರನ್ನಿನ ಒಲೆ ನೋಡಿಕೊಳ್ಳುತ್ತಿದ್ದ, ಪಕ್ಕದಲ್ಲಿ ಅವನ ದೊಡ್ಡವ್ವ ಬೀರಮ್ಮ ಹಿಂದಿನ ದಿನ ಮುರಿದ ಸೊಪ್ಪನ್ನು ತೂಗುಹಾಕುವ ಕಡ್ಡಿಗೆ ಕಟ್ಟುತ್ತ ಕೂತಿದ್ದಳು.

"ಲೇ ಶಂಕ್ರ, ಒಂದು ದಾರದ ಉಂಡೆ ಕಾಣ್ತಿಲ್ಲ ಕಣ್ಲಾ. ಯಾರು ಎತ್ಕೊಂಡ್ರು?"

"ನಾನೇ ಕಣ್ ದೊಡ್ಡವ್ವ. ಜೀಪಿಗೆ ಬೇಕಾಗಿತ್ತು."

"ಜೀಪಿಗೆ ಸೊಪ್ಪಿನ ದಾರ್‍ವಾ? ಅದೇನು ಜೀಪೋ, ಬೇಯ್ಸೋಕೆ ತೂಗಾಕಿದ್ದೀಯೋ!" ಎಂದು ಮುದುಕಿ ನಗುತ್ತ ಇನ್ನೊಂದು ಹಿಡಿ ಎಲೆಗೆ ಗಂಟು ಬಿಗಿದಳು.

ಉಮಾಶಂಕರ ಆ ಗಂಟನ್ನು ನೋಡಿದ. ಕೈಯಲ್ಲಿದ್ದ ಸೌದೆಯನ್ನು ಕೆಳಗೆ ಹಾಕಿದ.

ಸೊಪ್ಪಿಗೆ ಹಾಕುವ ಗಂಟಿನ ಗುಣವೇ ಬೇರೆ. ಹಸಿ ಎಲೆ ಬ್ಯಾರನ್ನಿನಲ್ಲಿ ಬಾಡಿ ಸಣ್ಣಗಾಗುತ್ತದೆ, ಸಾಮಾನ್ಯ ಗಂಟಾದರೆ ಜಾರಿ ಎಲೆಯೆಲ್ಲ ಬೆಂಕಿಯ ಕೊಳವೆಯ ಮೇಲೆ ಬೀಳುತ್ತದೆ. ಅದಕ್ಕೇ ಇಲ್ಲಿಯವರು ಎಳೆದಷ್ಟೂ ಬಿಗಿಯುವ ಗಂಟು ಹಾಕುತ್ತಾರೆ. ಉಮಾಶಂಕರನ ಬೆರಳಿಗೆ ಆರನೇ ವಯಸ್ಸಿನಿಂದ ಗೊತ್ತಿದ್ದದ್ದು ಆ ಒಂದೇ ಗಂಟು. ಜೀಪು ಎತ್ತರವಾದ ಮೇಲೆ ಮುಂದಿನ ಎರಡು ಚಕ್ರಗಳಿಗೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಪೈಪುಗಳನ್ನು ಉದ್ದದವನ್ನೇ ತಂದು ಹಾಕಿದ್ದ. ಟೈರು ತೊಡಿಸುವಾಗ ಅವು ಅಡ್ಡ ಬಂದವು. ಸದ್ಯಕ್ಕಿರಲಿ ಎಂದು ಎರಡನ್ನೂ ಮೇಲಕ್ಕೆಳೆದು ಸೊಪ್ಪಿನ ದಾರದಲ್ಲಿ ಜೀಪಿನಡಿಯ ಚಾಸಿಗೆ ಕಟ್ಟಿದ್ದ. ಕೆಲಸ ಮುಗಿದ ಮೇಲೆ ಬಿಚ್ಚಲು ಮರೆತಿದ್ದ.

ಊರೊಳಗಿನ ಸಮ ರಸ್ತೆಯಲ್ಲಿ ಪರವಾಗಿಲ್ಲ. ಚಕ್ರ ಒಂದು ಗುಂಡಿಗೆ ಇಳಿದರೆ ಪೈಪಿಗೆ ಸಡಿಲವೇ ಇಲ್ಲ, ಎಳೆದು ಹರಿಯುತ್ತದೆ. ಈ ಹಳೇ ಜೀಪಿನಲ್ಲಿ ಒಂದು ಕಡೆ ಹರಿದರೆ ಆಯಿಲ್ ಪೂರ್ತಿ ಸುರಿದು ನಾಲ್ಕು ಚಕ್ರದ ಬ್ರೇಕೂ ಹೋಗುತ್ತದೆ. ಕೆರೆಗೆ ಇಳಿಯುವ ಇಳಿಜಾರಿನ ತಲೆಯಲ್ಲೇ ಮಳೆನೀರು ಕೊರೆದ ಮೊಣಕಾಲುದ್ದದ ಗುಂಡಿಯಿತ್ತು. ಇಳಿಜಾರಿನ ಬುಡದಲ್ಲಿ ತೂಬಿನ ಹತ್ತಿರ ತಿರುವು, ತಿರುವಿನಾಚೆ ತುಂಬಿದ ಕೆರೆ. ಹ್ಯಾಂಡ್ ಬ್ರೇಕನ್ನು ಅವನೇ ಕಿತ್ತುಹಾಕಿದ್ದ.

ತಕ್ಷಣ ಫೋನ್ ಮಾಡಿದ. ಕಾವ್ಯಶ್ರೀಯ ಫೋನು ಅವನ ಬೆನ್ನ ಹಿಂದೆ, ಬ್ಯಾರನ್ನಿನ ಗೋಡೆಗೂಡಿನಲ್ಲಿ, ಚಾರ್ಜಿಗೆ ಹಾಕಿದಲ್ಲೇ ಹೊಡೆದುಕೊಂಡಿತು.

"ಬೆಂಕಿ ನೋಡ್ಕೊ ದೊಡ್ಡವ್ವ!"

"ಅಯ್ಯೋ, ನಂಗೆಲ್ಲಿ ಗೊತ್ತಾದದು, ಸೊಪ್ಪು ಸುಟ್ಟೋಯ್ತದೆ ಕಣೋ!"

"ಸುಟ್ಕೊಂಡು ಓಗ್ಲಿ ಬುಡು!"

ಮೊಪೆಡ್ ಒದ್ದ. ಹತ್ತಲಿಲ್ಲ. ಇನ್ನೊಂದು ಸಲ ಒದ್ದ. ಅದರ ಕಾರ್ಬುರೇಟರನ್ನೂ ಅವನೇ 'ಸರಿ' ಮಾಡಿದ್ದ. ಏಳನೇ ಒದೆತಕ್ಕೆ ಹತ್ತಿದಾಗ ಅವನಿಗೆ ಅಳುವೇ ಬಂದಿತ್ತು. ಶಾಲೆ ದಾಟಿದ, ಹುಣಸೆಮರ ದಾಟಿದ. ಕೆಸರಿನಲ್ಲಿ ದೊಡ್ಡ ಟೈರಿನ ಹಸೀ ಅಚ್ಚು ಮುಂದೆ ಮುಂದೆ ಹೋಗುತ್ತಲೇ ಇತ್ತು. ಅಚ್ಚಿನ ನಡುವೆ ಎಲ್ಲಾದರೂ ಆಯಿಲ್ ಬಿದ್ದಿದೆಯೋ ಎಂದು ನೋಡಲು ಹೋಗಿ ಎರಡು ಸಲ ಬೀಳುವುದರಲ್ಲಿದ್ದ. ಒಂಬತ್ತು ಜನ. ಅದರಲ್ಲಿ ಲಿಂಗಯ್ಯನ ಸೊಸೆ ಐದು ತಿಂಗಳ ಬಸುರಿ. ಇವರ ಮನೆಗಳ ಮುಂದೆ ನಾನು ಹೋಗಿ ನಿಲ್ಲುವುದು ಹೇಗೆ? ಕಾವ್ಯ ಕಣ್ಣೆದುರು ಬಂದಳು, ಬೆಳಿಗ್ಗೆ ಸ್ಟೇರಿಂಗ್ ಹಿಡಿದು ಕೂತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಕಾವ್ಯ. ಹೋಗುವ ಮುಂಚೆ ಏನೋ ಹೇಳಬೇಕೆಂದು ಬಾಯಿ ತೆರೆದಿದ್ದಳಲ್ಲವೇ? ಅವನು ಒಲೆಗೆ ಸೌದೆ ತುರುಕುತ್ತ, "ಊಂ, ಒರಡು ಒರಡು" ಎಂದಿದ್ದ.

ಅಷ್ಟರಲ್ಲಿ ದಿಬ್ಬದಾಚೆಯಿಂದ ಹೆಂಗಸರ ಕೂಗು ಕೇಳಿಸಿತು. ನಗುವೋ, ಚೀರಾಟವೋ ಗೊತ್ತಾಗಲಿಲ್ಲ. ಉಮಾಶಂಕರ ಆಕ್ಸಿಲರೇಟರ್ ಪೂರ್ತಿ ತಿರುವಿದ. 'ಅಪ್ಪಾ ಮಾದಪ್ಪಾ, ಒಂದ್ಸಲ ಕಾಪಾಡಪ್ಪಾ' ಎನ್ನುತ್ತಲೇ ದಿಬ್ಬ ಹತ್ತಿದ.

ಜೀಪು ನಿಂತಿತ್ತು. ಗುಂಡಿಗೆ ನಾಲ್ಕು ಮಾರು ಈಚೆ, ಸಮನೆಲದ ಮೇಲೆ, ಚಕ್ರಗಳಿಗೆ ಕಲ್ಲು ಕೊಟ್ಟುಕೊಂಡು ನಿಂತಿತ್ತು. ಹೆಂಗಸರೆಲ್ಲ ಕೆಳಗಿಳಿದು ಬುತ್ತಿಯ ಡಬ್ಬಿ ಹಿಡಿದು ನಗಾಡುತ್ತ ಇಳಿಜಾರಿನಲ್ಲಿ ಕಾಲ್ನಡಿಗೆಯಲ್ಲಿ ಹೊರಟಿದ್ದರು. ಕಾವ್ಯಶ್ರೀ ಒಬ್ಬಳೇ ಸ್ಟೇರಿಂಗ್ ಮುಂದೆ ಕೂತು, ಕಲ್ಲು ತೆಗೆಯುವಂತೆ ಹಿಂದೆ ಉಳಿದಿದ್ದ ಲಿಂಗಯ್ಯನ ಸೊಸೆಗೆ ಹೇಳುತ್ತಿದ್ದಳು.

"ತೆಗೀಬ್ಯಾಡಾ!" ಎಂದು ಕೂಗಿದ ಕೂಗಿಗೆ ಆ ಹುಡುಗಿ ಕಲ್ಲು ಬಿಟ್ಟು ಎರಡು ಹೆಜ್ಜೆ ಹಿಂದೆ ಹಾರಿದಳು. ಮೊಪೆಡ್ಡನ್ನು ಹಾಗೇ ಬಿಸಾಡಿ ಓಡಿಬಂದ ಉಮಾಶಂಕರ ಅದರ ಪೆಟ್ಟಿಗೆಯಿಂದ ಉದುರಿದ ಸ್ಪ್ಯಾನರ್ ಎತ್ತಿಕೊಂಡು ಸೀದಾ ಜೀಪಿನಡಿಗೆ ನುಸುಳಿದ. ಬಲಗಡೆ ನೋಡಿದ. ಗಂಟಿಲ್ಲ. ಪೈಪು ಸಡಿಲವಾಗಿ ತೂಗುತ್ತಿತ್ತು. ಎಡಗಡೆ ಗಂಟು ಹಾಗೇ ಇತ್ತು. ಮೂರು ದಿನದ ಕುಲುಕಾಟಕ್ಕೆ ಬಿಗಿದು ಬಿಗಿದು ರಬ್ಬರಿನೊಳಕ್ಕೆ ಕಚ್ಚಿತ್ತು. ಪೈಪಿನ ತುದಿಯಲ್ಲಿ ಸೀಳು ಬಿಟ್ಟು ಆಯಿಲ್ ಜಿನುಗುತ್ತಿತ್ತು. ಇನ್ನೊಂದು ಎಳೆತ ಸಾಕಾಗಿತ್ತು.

"ಬಲಗಡೆದು ಯಾರು ಬಿಚ್ಚಿದ್ದು?" ಜೀಪಿನಡಿಯಿಂದಲೇ ಕೇಳಿದ.

ಕಾವ್ಯಶ್ರೀ ಇಳಿದು ಬಗ್ಗಿ ನೋಡಿದಳು. "ನಾನೇ ಕಣ್ರೀ. ಮೊನ್ನೆ ಕೋಳಿ ಅಡೀಗೆ ನುಗ್ತು ಅಂತ ಬಗ್ಗಿದ್ದೆ. ಪೈಪು ಸೆಟೆದ್ಕೊಂಡಿತ್ತು. ನೀವು ಬೇಕು ಅಂತ್ಲೇ ಕಟ್ಟಿರ್ತೀರಿ ಅಂದ್ಕೊಂಡೆ, ಆದ್ರೂ ಮನಸ್ಸು ತಡೀಲಿಲ್ಲ. ಒಂದು ಬಿಚ್ಚೋವಷ್ಟರಲ್ಲಿ ನೀವು ಬಂದ್ರಿ. ಎದ್ದು ಓಡ್ಬುಟ್ಟೆ."

"ನನ್ನ ಕೇಳ್ಬಾರದಿತ್ತಾ?"

ಅವಳ ಕಣ್ಣು ಅವನ ಕೈಯಲ್ಲಿದ್ದ ಸ್ಪ್ಯಾನರಿನ ಮೇಲೆ ಹೋಯಿತು.

"ಮತ್ತೆ ಈಗ ಇವರನ್ನೆಲ್ಲ ಯಾಕೆ ಇಳಿಸ್ದೆ?"

"ಅವರು ನಡ್ಕೊಂಡು ಇಳೀಲಿ, ನಾನೊಬ್ಳೇ ಇಳಿಸಿ ನೋಡಾನ ಅಂತ."

ಉಮಾಶಂಕರ ಕೆಸರಿನಲ್ಲಿ ಅಂಗಾತ ಬಿದ್ದಲ್ಲೇ ಕಣ್ಣು ಮುಚ್ಚಿಕೊಂಡ. ಕೇಳುವ ಬದಲು ಇವಳು ಸಾಯಲು ತಯಾರಾಗಿದ್ದಳು. ಒಂದು ಗಂಟು ಬಿಚ್ಚಿದ್ದಕ್ಕೆ ಕದ್ದವಳ ಹಾಗೆ ಎದ್ದು ಓಡಿದ್ದಳು. ಸ್ಪ್ಯಾನರ್ ಪಕ್ಕಕ್ಕಿಟ್ಟು ಎಡಗಡೆಯ ಗಂಟಿಗೆ ಕೈಹಾಕಿದ. ಉಗುರು ಜಾರಿತು, ಮತ್ತೆ ಹಿಡಿದ, ಮತ್ತೆ ಜಾರಿತು.

"ಕಾವ್ಯ, ಒಳೀಕ್ ಬಾ. ನನ್ ಕೈಲಿ ಆಯ್ತಿಲ್ಲ."

ಮದುವೆಯಾಗಿ ಹದಿನಾರು ವರ್ಷಕ್ಕೆ ಆ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. ಸೆರಗು ಸೊಂಟಕ್ಕೆ ಬಿಗಿದು ಒಳಗೆ ನುಸುಳಿ ಅವನ ಪಕ್ಕ ಮಲಗಿದಳು. ಬರೀ ಎರಡು ಬೆರಳಿನಲ್ಲಿ ದಾರದ ಕಿವಿ ಹುಡುಕಿ ಎಳೆದಳು, ಗಂಟು ಬಿಚ್ಚಿಕೊಂಡಿತು. ಆಯಿಲಿನ ನಾಲ್ಕು ಹನಿ ಅವನ ಕೆನ್ನೆಯ ಮೇಲೆ ಬಿದ್ದವು. ಒರೆಸಿಕೊಳ್ಳಲಿಲ್ಲ.

"ಇದರಲ್ಲಿ ಇನ್ನೇನಾದ್ರೂ ಸರಿ ಇಲ್ಲ ಅನ್ನಿಸ್ತದಾ ನಿಂಗೆ?" ಎಂದು ಕೇಳಿದ. "ಅದೇನ್ ಅಂತ ಏಳು, ಬೈಯಲ್ಲ."

ಕಾವ್ಯಶ್ರೀ ಅವನ ಕೈಗೆ ಸಿಗುವಂತಿದ್ದ ಸ್ಪ್ಯಾನರನ್ನು ಮೆಲ್ಲಗೆ ತನ್ನ ಕಡೆಗೆ ಎಳೆದು ಬೆನ್ನ ಹಿಂದೆ ಇಟ್ಟುಕೊಂಡಳು.

"ಹ್ಯಾಂಡ್ ಬ್ರೇಕು ಇರ್ಬೇಕಾಗಿತ್ತು ಕಣ್ರೀ," ಎಂದಳು.