ತಿರುವಿನಾಚೆಯ ಬೆಂಜೋ

ಅಥವಾ ಅದು ಬೆಂಜೋ ಆಗಿರಲೇ ಇಲ್ಲವೇನೋ. ಕ್ಲಾರಿನೆಟ್ ಇದ್ದಿರಬಹುದು. ಯಾರೋ ಸೈಕಲ್ಲಿಗೆ ತೂಗುಹಾಕಿಕೊಂಡು ಹೊರಟಿದ್ದ ರೇಡಿಯೋ ಇದ್ದಿರಬಹುದು. ಇಷ್ಟು ವರ್ಷ ಒಂದೇ ದನಿಯನ್ನು ಮತ್ತೆ ಮತ್ತೆ ನೆನೆದವನು ಅದನ್ನು ಬೆರಳಲ್ಲಿ ಒರೆಸಿ ಒರೆಸಿ ನುಣುಪು ಮಾಡಿಬಿಟ್ಟಿರುತ್ತಾನೆ. ಆಮೇಲೆ ಅದು ಮೊದಲು ಹೇಗಿತ್ತು ಎಂದು ಕೇಳಿದರೆ ಹೇಳುವುದು ಯಾರು?

ಈಗ ನನ್ನ ಮೂಗಿಗೆ ಬೆಸುಗೆಯ ರಾಳದ ಹೊಗೆ ಬಡಿಯುತ್ತಿದೆ. ಸೋಲಾಪುರದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಗಿಟಾರನ್ನು ಅಂಗಾತ ಮಲಗಿಸಿ, ಒಳಗೆ ಬಿಟ್ಟುಹೋದ ಒಂದು ತಂತಿಗೆ ಬೆಸುಗೆ ಹಾಕುತ್ತಿದ್ದೇನೆ. ಈ ವಾಸನೆ ಬಂದೊಡನೆ ಅಕ್ಕಲಕೋಟೆಯ ಆ ಸಂಜೆ ಕಣ್ಣ ಮುಂದೆ ನಿಲ್ಲುತ್ತದೆ. ಆದರೆ ಆ ಸಂಜೆ ಅಲ್ಲಿ ರಾಳದ ವಾಸನೆ ಇರಲು ಕಾರಣವೇ ಇಲ್ಲ. ಅಂದರೆ ನಾನೇ ಅದನ್ನು ಆಮೇಲೆ ಅಲ್ಲಿಗೆ ಸೇರಿಸಿದ್ದೇನೆ. ಇಂಥ ಕೈಚಳಕದವನು ಹೇಳುವ ಕತೆಯನ್ನು ನೀವು ಎಷ್ಟು ನಂಬಬೇಕೋ ಅಷ್ಟೇ ನಂಬಿ.

ಸೋದರಮಾವನ ಮದುವೆ. ನಾನು ಇನ್ನೂ ಸಾಲೆಗೆ ಹೋಗಲು ಅಳುತ್ತಿದ್ದ ವಯಸ್ಸು. ಮದುಮಕ್ಕಳನ್ನು ಗಂಡಿನ ಮನೆಗೆ ಕರೆತರುವ ಮೆರವಣಿಗೆಗೆ ನಮ್ಮ ಕಡೆ ವರಾತ ಅನ್ನುತ್ತಾರೆ. ಓಣಿಯ ತಿರುವಿನಾಚೆಯಿಂದ ಮೊದಲು ದನಿ ಬಂತು, ಜನ ಆಮೇಲೆ ಬಂದರು. ನಮ್ಮ ಬೆಂಜೋ ಎಂದರೆ ಉದ್ದನೆಯ ಹಲಗೆಯ ಮೇಲೆ ಬಿಗಿದ ತಂತಿಗಳು, ತಂತಿಗಳ ಮೇಲೆ ಟೈಪ್‌ರೈಟರಿನ ಹಾಗೆ ಗುಂಡಿಗಳ ಸಾಲು. ಎಡಗೈ ಗುಂಡಿ ಒತ್ತುತ್ತದೆ, ಬಲಗೈ ಮೀಟುತ್ತದೆ. ಅದಕ್ಕೆ ದನಿ ಹಿಡಿಯುವ ಒಂದು ಪಿಕಪ್ ಕೂರಿಸಿ, ಟೆಂಪೊ ಮೇಲೆ ಕಟ್ಟಿದ ಭೋಂಗಾಕ್ಕೆ, ಅಂದರೆ ಅಗಲ ಬಾಯಿಯ ಧ್ವನಿವರ್ಧಕಕ್ಕೆ, ಜೋಡಿಸಿದರೆ, ಹಾಡು ಮೂಗಿನಿಂದ ಹೊರಟು ನೇರ ಮೊಣಕಾಲಿಗೆ ಇಳಿಯುತ್ತದೆ. ಆ ದನಿಗೆ ನಮ್ಮ ಅವ್ವ ಕುಣಿದಳು. ಸೋಲಾಪುರದ ಚಾದರ ವ್ಯಾಪಾರಿಯ ಸೊಸೆ, ತಲೆಯ ಮೇಲಿನ ಸೆರಗು ಕೆಳಗಿಳಿಸದೆ ಅಂಗಡಿ ಓಣಿ ದಾಟುತ್ತಿದ್ದವಳು, ತಮ್ಮನ ವರಾತದಲ್ಲಿ ಎರಡೂ ಕೈ ಮೇಲೆತ್ತಿ ಕುಣಿದಳು. ಯಾರನ್ನೂ ಕೇಳದೆ ಅವಳು ಮಾಡಿದ್ದು ಅದೊಂದೇ ಕೆಲಸ ಎಂದು ನನಗೆ ಅನಿಸುತ್ತದೆ. ಅವ್ವ ತೀರಿಕೊಂಡ ಮೇಲೆ ಈ ಚಿತ್ರವೊಂದು ನನ್ನ ಪಾಲಿಗೆ ಉಳಿಯಿತು.

ಉಳಿಯಿತು ಅಂದುಕೊಂಡಿದ್ದೆ. ಅಕ್ಕ ಅದನ್ನೂ ಕಿತ್ತುಕೊಂಡಳು.

ಸುಶೀಲಕ್ಕನನ್ನು ಕೊಟ್ಟಿದ್ದು ಅಕ್ಕಲಕೋಟೆಗೇ. ಅವ್ವನ ವರ್ಷಾಂತಿಕಕ್ಕೆ ಸೇರಿದಾಗ ನಾನು ಎಲ್ಲರ ಮುಂದೆ ಈ ಮಾತು ತೆಗೆದೆ. ಅಕ್ಕ ಚಹದ ಬಸಿ ಕೆಳಗಿಟ್ಟಳು.

“ಅವ್ವ ಕುಣಿದ್ಲಾ? ಯಾರ ಹೇಳ್ಯಾರ ನಿನಗ?”

“ನಾನ ನೋಡೀನಿ.”

“ನೀ ಏನ ನೋಡ್ತಿ? ಯಾರದೋ ಕಟ್ಟಿ ಮ್ಯಾಲ ಬಾಯಿ ತಕ್ಕೊಂಡ ಮಲಗಿದ್ದಿ. ಅವ್ವ ಬಾಗಲಾ ಹಿಡಿಯಾಕ ನಿಂತಿದ್ಲು. ಬಾಗಲಾ ಹಿಡಿಯಾಕ ನಿಂತಾಕಿ ಬಿಟ್ಟು ಹೋಗ್ತಾಳೇನೋ ಹುಚ್ಚಾ?”

ವಾದ ಗಟ್ಟಿಯಾಗಿತ್ತು. ವರಾತ ಮನೆ ಮುಟ್ಟಿದಾಗ ಮದುಮಗನ ಅಕ್ಕನೋ ತಂಗಿಯೋ ಚೌಕಟ್ಟಿಗೆ ಎರಡೂ ಕೈ ಚಾಚಿ ಬಾಗಿಲು ಅಡ್ಡಗಟ್ಟುತ್ತಾಳೆ. ಅವನು ಏನಾದರೂ ಉಡುಗೊರೆ ಕೊಡುತ್ತೀನಿ ಅನ್ನುವವರೆಗೂ ಮದುಮಗಳನ್ನು ಒಳಗೆ ಬಿಡುವುದಿಲ್ಲ. ಅದು ಒಡಹುಟ್ಟಿದವಳ ಹಕ್ಕು. ಅದಕ್ಕಾಗಿ ವರ್ಷಗಟ್ಟಲೆ ಕಾದಿರುತ್ತಾಳೆ. ಮಾವನಿಗೆ ಅವ್ವ ಒಬ್ಬಳೇ ಅಕ್ಕ. ಬಾಗಿಲಲ್ಲಿದ್ದವಳು ಬೀದಿಯಲ್ಲಿ ಕುಣಿಯುವುದು ಹೇಗೆ? ಕೇಳೋಣವೆಂದರೆ ಮಾವ ಬದುಕಿರಲಿಲ್ಲ, ತೋರಿಸಲು ಫೋಟೋವೂ ಇರಲಿಲ್ಲ. ಇದ್ದದ್ದು ಕಿವಿಯಲ್ಲಿ ಉಳಿದ ಆ ದನಿ ಒಂದೇ. ಅದನ್ನು ಅಕ್ಕನಿಗೆ ಮತ್ತೆ ಕೇಳಿಸಿದರೆ ಅವಳಿಗೂ ನೆನಪಾದೀತು ಎಂಬ ಹುಚ್ಚು ಹತ್ತಿತು.

ಬೆಂಜೋ ನುಡಿಸುವವನನ್ನು ಕರೆಸಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಇವತ್ತಿನ ಬೆಂಜೋಗಳನ್ನು ಕೇಳಿದೆ. ಆ ದನಿ ಅಲ್ಲ. ಮತ್ತೆ, ನಿಜ ಹೇಳುವುದಾದರೆ, ನನ್ನ ಹತ್ತಿರ ಒಂದು ಗಿಟಾರು ಇತ್ತು. ಕಾಲೇಜಿನ ದಿನಗಳಲ್ಲಿ ಕೊಂಡದ್ದು. ಬಿಚ್ಚಿ ಜೋಡಿಸುವ ಚಟದವನಿಗೆ ಇನ್ನೊಬ್ಬರ ವಾದ್ಯ ಸಾಕಾಗುವುದಿಲ್ಲ.

ಎಲೆಕ್ಟ್ರಿಕ್ ಗಿಟಾರಿನ ಜೀವ ಇರುವುದು ಪಿಕಪ್ಪಿನಲ್ಲಿ. ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿ ಸುತ್ತಿದ ಪುಟ್ಟ ಸುರುಳಿ ಅದು. ಮೇಲಿನ ತಂತಿಯ ನಡುಕವನ್ನು ಕರೆಂಟು ಮಾಡಿ ಕಳಿಸುತ್ತದೆ. ನನ್ನ ಗಿಟಾರಿನದು ಜೋಡಿ ಸುರುಳಿಯದು. ದನಿ ದಪ್ಪ, ಸಿಹಿ, ತುಪ್ಪ ಹೆಚ್ಚಾದ ಶಿರಾದ ಹಾಗೆ. ಎರಡು ತುತ್ತಿಗೆ ಮುಖ ಹೊಡೆಯುತ್ತದೆ. ಮುಂಬಯಿಯಿಂದ ಒಂಟಿ ಸುರುಳಿಯದನ್ನು ತರಿಸಿ ಹಾಕಿದೆ. ಚೂಪು ಬಂತು, ಜೊತೆಗೆ ಗುಂಯ್ ಎನ್ನುವ ಸದ್ದೂ ಬಂತು. ಒಳಗೆಲ್ಲ ತಾಮ್ರದ ಹಾಳೆ ಅಂಟಿಸಿದೆ. ಗುಂಯ್ ಹೋಯಿತು, ಚೂಪೂ ಮೊಂಡಾಯಿತು. ತಂಬೂರಿಯಲ್ಲಿ ತಂತಿಗಳು ಒರಗುವ ಕುದುರೆಯ ಮೇಲೆ, ದನಿ ಝೇಂಕರಿಸಲೆಂದು ನೂಲು ಸಿಕ್ಕಿಸುತ್ತಾರಲ್ಲ, ಅದು ನೆನಪಾಗಿ ಅಂಗಡಿಯ ಹೊಸ ಚಾದರದ ಅಂಚಿನಿಂದ ಒಂದು ಎಳೆ ಕಿತ್ತು ಗಿಟಾರಿನ ತಂತಿಯ ಕೆಳಗಿಟ್ಟೆ. ತಂತಿ ಸತ್ತೇ ಹೋಯಿತು. ಹೆಂಡತಿ ನೋಡಿದ್ದು ಸತ್ತ ತಂತಿಯನ್ನಲ್ಲ, ಹರಿದ ಚಾದರವನ್ನು.

“ಗಿರಾಕಿಗೆ ಇದನ್ನ ಹ್ಯಾಂಗ ತೋರಸ್ತೀರಿ? ಈ ಚಾದರಾ ಹಾಡ್ತೈತಿ ಅಂತೀರೇನು?”

ಕೊನೆಗೆ ಅಕ್ಕಲಕೋಟೆಯ ಬೆಂಜೋ ಮಾಸ್ತರರನ್ನು ಹುಡುಕಿಕೊಂಡು ಹೋದೆ. ಈಗ ಅವರು ಬೆಂಜೋ ಬಿಟ್ಟು ಕೋಲಿನಿಂದ ಬಡಿಯುವ ಪ್ಯಾಡು ಬಾರಿಸುತ್ತಾರೆ. ಮೀಸೆಗೆ ಮಾತ್ರ ಇನ್ನೂ ಬೆಂಜೋ ಕಾಲದ ಕಪ್ಪು.

“ನಮ್ಮ ಮಾವನ ಮದಿವ್ಯಾಗ ನೀವ ಬಾರಿಸಿದ್ರೇನ್ರಿ ಮಾಸ್ತರ?”

“ಮತ್ತ ಯಾರ ಬಾರಿಸ್ತಾರ್ರಿ ಸಾವಕಾರ್ರ? ಕುರನೂರಿಂದ ದುಧನಿ ತನಕಾ ನಾ ಬಿಟ್ರ ಯಾರಿದ್ರು?”

“ಅವತ್ತ ನಮ್ಮವ್ವ ಕುಣಿದದ್ದ ನೆನಪೈತೇನ್ರಿ?”

“ನೆನಪಿಲ್ಲದ ಏನ್ರಿ! ಕುಣದಾರು, ಖರೇನ ಕುಣದಾರು. ನನ್ನ ಬೆಂಜೋ ಮುಂದ ಯಾರ ನಿಂತಾರು?”

ಇನ್ನೊಂದು ಪ್ರಶ್ನೆ ಕೇಳದೆ ಎದ್ದುಬಂದಿದ್ದರೆ ಸುಖವಾಗಿರುತ್ತಿದ್ದೆ.

“ಮಾವನ ಮನಿ ಯಾವ ಕಡೆ ಇತ್ತು ಹೇಳ್ರಿ?”

“ಅದೇ, ಹನ್ನೂರಾಗ. ಬಾವಿ ಬಾಜುಕ.”

ಹನ್ನೂರಲ್ಲ, ಬಾವಿಯೂ ಅಲ್ಲ. ಮಾವನ ಮನೆ ಮಾಸ್ತರರು ಕೂತಿದ್ದ ಕಟ್ಟೆಯಿಂದ ಎರಡು ಓಣಿಯಾಚೆ ಇತ್ತು. ನಾನು ನಕ್ಕೆ, ಅವರೂ ನಕ್ಕರು, ಯಾಕೆ ಎಂದು ಕೇಳಲಿಲ್ಲ. ಹೊರಡುವಾಗ ಅಟ್ಟದಿಂದ ಉಳ್ಳಾಗಡ್ಡಿ ಚೀಲ ಸರಿಸಿ ತಮ್ಮ ಹಳೆಯ ಬೆಂಜೋ ತೆಗೆದುಕೊಟ್ಟರು. “ಒಯ್ರಿ. ಸತ್ತದ್ದ ಐತಿ, ಅಂಜಬ್ಯಾಡ್ರಿ.”

ನಿಜವಾಗಿಯೂ ಸತ್ತಿತ್ತು. ಹಲಗೆಗೆ ಹುಳು ಹಿಡಿದಿತ್ತು. ಆದರೆ ಪಿಕಪ್ಪನ್ನು ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದರೆ ಸುರುಳಿಯ ಹೊರತುದಿ ಮಾತ್ರ ಕಡಿದಿತ್ತು, ಒಳಗೆಲ್ಲ ಸರಿಯಿತ್ತು. ಉಸಿರು ಬಿಗಿಹಿಡಿದು ಬೆಸೆದೆ. ಗಿಟಾರಿನಲ್ಲಿ ತಂತಿಗಳು ಕೊನೆಗೊಳ್ಳುವ ಕುದುರೆಯ ಹತ್ತಿರ, ಎಲ್ಲಕ್ಕಿಂತ ಚೂಪು ದನಿ ಸಿಗುವ ಜಾಗದಲ್ಲಿ, ಅದನ್ನು ಕೂರಿಸಿದೆ. ಮೀಟಿದೆ. ಸಣ್ಣಗೆ, ದೂರದಿಂದ, ಮೂಗಿನಲ್ಲಿ ಏನೋ ಅಂದಿತು. ಮತ್ತೊಮ್ಮೆ ಮೀಟಿದೆ.

ದನಿ ಸಣ್ಣದಾಯಿತೆಂದು ಸ್ಕ್ರೂ ತಿರುಗಿಸಿ ಪಿಕಪ್ಪನ್ನು ಮೇಲೆತ್ತಿದೆ. ಇನ್ನೂ ಎತ್ತಿದೆ. ಆಸೆಬುರುಕನ ಕೆಲಸ. ಅಯಸ್ಕಾಂತ ತಂತಿಯನ್ನು ತನ್ನ ಕಡೆ ಎಳೆಯತೊಡಗಿ, ಸ್ವರ ಹೊಟ್ಟೆನೋವು ಬಂದವನ ಹಾಡಿನ ಹಾಗೆ ತೇಲಾಡಿತು. ತಪ್ಪು ಎಲ್ಲಿದೆ ಎಂದು ತಿಳಿಯಲು ನಾನು ತಂತಿ ಬದಲಿಸಿದೆ, ಕುತ್ತಿಗೆಯ ಬಾಗು ತಿದ್ದಿದೆ, ಕುದುರೆಯನ್ನು ಹಿಂದೆ ಮುಂದೆ ಸರಿಸಿದೆ. ಪಿಕಪ್ಪನ್ನು ಕೆಳಗಿಳಿಸುವುದೊಂದನ್ನು ಬಿಟ್ಟು ಎಲ್ಲ ಮಾಡಿದೆ. ಬೇಸತ್ತು ಅದನ್ನು ತೆಗೆದೇಬಿಡೋಣ ಎಂದು ಸ್ಕ್ರೂ ಸಡಿಲಿಸುತ್ತಿದ್ದಾಗ ಕೈ ತಂತಿಗೆ ತಾಗಿತು. ದನಿ ಸಣ್ಣದಾಗಿತ್ತು, ಆದರೆ ತೆರೆದಿತ್ತು. ಅಲ್ಲಿಗೇ ನಿಲ್ಲಿಸಿದೆ. ಆಮೇಲೆ ಬೆಂಜೋದಲ್ಲಿದ್ದ ಹಾಗೆ ಮೊದಲೆರಡು ತಂತಿಗಳನ್ನು ಒಂದೇ ದಪ್ಪದವು ಹಾಕಿ ಒಂದೇ ಸ್ವರಕ್ಕೆ ತಂದೆ. ಪೂರ್ತಿ ಒಂದಲ್ಲ, ಒಂದನ್ನು ಕೂದಲೆಳೆಯಷ್ಟು ತಗ್ಗಿಸಿದೆ. ಆ ತಗ್ಗಿನಲ್ಲಿ ನಡುಕ ಬಂತು.

ಆದರೂ ಅದಲ್ಲ. ಕೋಣೆಯಲ್ಲಿ ಕೂತು ಕೇಳಿದರೆ ಕೆಟ್ಟ ಗಿಟಾರು ಅನಿಸುತ್ತಿತ್ತು, ಅಷ್ಟೇ. ಕೈಚೆಲ್ಲಿ ಕೂತಿದ್ದ ದಿನ ಹೆಂಡತಿ ಕಾಯಿಪಲ್ಲೆಯ ಚೀಲ ಹಿಡಿದು ಮೇಲೆ ಬಂದಳು.

“ಇದೇನ್ರಿ, ಇಲ್ಲೆ ಕೇಳಿದ್ರ ತಲಿ ಒಡೀತೈತಿ. ಆ ಕಡೆ ಓಣ್ಯಾಗ ಬರೂಮುಂದ ಕೇಳಿದ್ರ ಛಂದ ಇತ್ತು. ಯಾರದೋ ಲಗ್ನ ಅಂತ ಮಾಡಿದ್ದೆ.”

ಅವಳನ್ನು ಅಲ್ಲೇ ಎತ್ತಿಕೊಳ್ಳಬೇಕು ಅನಿಸಿತು. ಚೀಲದಲ್ಲಿ ಟೊಮೆಟೊ ಇದ್ದದ್ದರಿಂದ ಬಿಟ್ಟೆ. ನಾನು ಆ ದನಿಯನ್ನು ಕೇಳಿದ್ದು ತಿರುವಿನಾಚೆಯಿಂದ, ಭೋಂಗಾದಿಂದ ಹೊರಟು ಗೋಡೆಗಳಿಗೆ ಬಡಿದು ಬಂದಾಗ. ಇಷ್ಟು ದಿನ ಅದನ್ನು ಕೋಣೆಯ ಸ್ಪೀಕರ್ ಡಬ್ಬಿಯ ಮುಂದೆ ಕಿವಿಯಿಟ್ಟು ಹುಡುಕಿದ್ದೆ.

ಮಾಸ್ತರರಿಗೆ ಫೋನು ಮಾಡಿದೆ. ಅವರ ಟೆಂಪೊ, ಅವರ ಭೋಂಗಾ, ನನ್ನ ಗಿಟಾರು. ಅಕ್ಕನಿಗೆ ಹೇಳಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅವಳ ಓಣಿಯ ತಿರುವಿನಾಚೆ ಟೆಂಪೊ ನಿಲ್ಲಿಸಿ, ನಾನು ಗಿಟಾರು ಕೊರಳಿಗೆ ಹಾಕಿಕೊಂಡು ಮುಂದೆ ನಿಂತೆ.

“ಸಾವಕಾರ್ರ, ಈ ವಯಸ್ಸಿನ್ಯಾಗ ಮರ್ಯಾದಿ ಕಳಕೊಳ್ಳಾಕ ಇಷ್ಟ ಖರ್ಚ ಮಾಡಿದವರನ್ನ ನಾ ನೋಡಿಲ್ಲ” ಎಂದು ಮಾಸ್ತರರು ಗಾಡಿ ಚಾಲೂ ಮಾಡಿದರು.

ಮೀಟಿದೆ. ಹೆಸರಿಲ್ಲದ, ಎಲ್ಲರ ಮದುವೆಯಲ್ಲೂ ಬರುವ ಒಂದು ಧಾಟಿ. ದನಿ ಭೋಂಗಾದಿಂದ ಹೊರಟು ಎದುರಿನ ಕಲ್ಲುಗೋಡೆಗೆ ಬಡಿದು ವಾಪಸು ಬಂದಾಗ ನನ್ನ ಮೊಣಕಾಲು ಗುರುತು ಹಿಡಿಯಿತು. ಅದೇ. ಮೂಗಿನಲ್ಲಿ ಹುಟ್ಟಿ ನಡುಗುತ್ತ ಏರುವ ಅದೇ ದನಿ! ಮಾಸ್ತರರು ಸ್ಟಿಯರಿಂಗ್ ಬಡಿದು “ಅರೆ ವಾ, ನಮ್ಮ ಬೆಂಜೋ!” ಎಂದು ಕೂಗಿದರು. ಮನೆಮನೆಯಿಂದ ತಲೆಗಳು ಹೊರಬಂದವು. “ಯಾರ ಲಗ್ನರಿ?” “ಯಾರಿಗ್ಗೊತ್ತು, ನಡೀ ನೋಡೂಣು.” ತಿರುವಿಗೆ ಬರುವಷ್ಟರಲ್ಲಿ ನನ್ನ ಹಿಂದೆ ಮದುಮಕ್ಕಳಿಲ್ಲದ ಒಂದು ವರಾತವೇ ಸೇರಿತ್ತು. ನಾನು ರಾಜನ ಹಾಗೆ ನಡೆದೆ. ವೈರು ಕಾಲಿಗೆ ತೊಡರಿದ್ದನ್ನು ಬಿಟ್ಟರೆ ಕೊರತೆ ಇರಲಿಲ್ಲ.

ತಿರುಗಿದೆ. ಅಕ್ಕ ಬಾಗಿಲಲ್ಲಿದ್ದಳು.

ಕೈಯಲ್ಲಿ ಹಿಟ್ಟಿತ್ತು. ಎಡಗೈ ಚೌಕಟ್ಟು ಹಿಡಿದಿತ್ತು. ಆದರೆ ಬಲಗೈ ಅಲ್ಲ, ಬಲಗಾಲು ಚಾಚಿ ಇನ್ನೊಂದು ಬದಿಯ ಚೌಕಟ್ಟಿಗೆ ಒತ್ತಿಕೊಂಡಿದ್ದಳು. ಮೊಮ್ಮಕ್ಕಳನ್ನು ಕಂಡ ಹೆಂಗಸು ಹೊಸ್ತಿಲಿನ ಮೇಲೆ ಹಾಗೆ ಡೊಂಕಾಗಿ ನಿಂತಿದ್ದನ್ನು ನೋಡಿ ಓಣಿ ನಗುತ್ತಿತ್ತು. ನಾನು ಮೀಟುವುದನ್ನು ನಿಲ್ಲಿಸಿದೆ. ಅವಳು ತನ್ನ ಕಾಲನ್ನೇ ನೋಡಿಕೊಂಡಳು.

“ಕೈ ಮುಟ್ಟತಿದ್ದಿಲ್ಲೋ ತಮ್ಮಾ” ಅಂದಳು.

“ಯಾರ ಕೈ?”

“ನಂದು. ಸಣ್ಣಾಕಿ ಇದ್ನಲ್ಲಾ, ಎರಡೂ ಕಡೆ ಮುಟ್ಟತಿದ್ದಿಲ್ಲ. ಅದಕ್ಕ ಕಾಲ ಇಟ್ಟಿದ್ದೆ. ಅವ್ವ ನನ್ನ ನಿಲ್ಲಿಸಿ ಹೋಗಿದ್ಲು. ಬಾಗಲಾ ಬಿಡಬ್ಯಾಡ, ಬಂದೆ ಅಂದ್ಲು. ಬಾಗಲಾ ಹಿಡಿದಾಕಿ ನಾನ ಇದ್ನೋ!”

ಇಷ್ಟು ವರ್ಷ ಅವಳು ಬಾಗಿಲಲ್ಲಿ ಯಾರೋ ನಿಂತಿದ್ದನ್ನು ನೆನಪಿಟ್ಟುಕೊಂಡಿದ್ದಳು. ಅದು ತಾನೇ ಎಂಬುದನ್ನು ಮರೆತಿದ್ದಳು. ನಾನು ನಡುಬೀದಿಯಲ್ಲಿ ಗಿಟಾರನ್ನು ತಲೆಯ ಮೇಲೆತ್ತಿ ಕೂಗಿದೆ. ಏನೆಂದು ಕೂಗಿದೆನೋ ನೆನಪಿಲ್ಲ. ಮಾಸ್ತರರ ಪ್ರಕಾರ “ಗೆದ್ದೆ” ಎಂದು. ಅವರ ಸಾಕ್ಷಿ ಎಂಥದೆಂದು ನಿಮಗೆ ಗೊತ್ತೇ ಇದೆ. ಆ ಸಂಜೆ ಓಣಿಯವರೆಲ್ಲ ಕುಣಿದರು. ಅಕ್ಕ ಹಿಟ್ಟಿನ ಕೈಯಲ್ಲೇ ಕುಣಿದಳು. ಇದನ್ನು ಮಾತ್ರ ಯಾರೂ ಅಲ್ಲಗಳೆಯಲಾರರು, ಫೋನುಗಳಲ್ಲಿ ಇದೆ.

ಈಗ ಬೆಸುಗೆ ಮುಗಿಯಿತು. ಬೆಸುಗೆಯ ಕಾದ ಕಡ್ಡಿಯನ್ನು ತಣ್ಣಗಾಗಲಿಕ್ಕೆ ಇಟ್ಟಿದ್ದೇನೆ. ಪಿಕಪ್ಪಿನ ಸ್ಕ್ರೂ ಕೈಗೆ ಹತ್ತಿರವೇ ಇದೆ, ತಿರುಗಿಸಬೇಕು ಅನಿಸುತ್ತಿಲ್ಲ. ನನ್ನ ಮಟ್ಟಿಗೆ ಇದು ಹೊಸ ಸಂಗತಿ.

ಆ ದಿನ ಹೊರಡುವಾಗ ಅಕ್ಕ ಟೆಂಪೊದ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ನಾ ಬಾಗಲಾ ಬಿಟ್ಟ ಬರಂಗಿದ್ದಿಲ್ಲ. ಮಂದಿ ಬೆನ್ನ ಅಷ್ಟ ಕಾಣ್ತಿದ್ವು. ನೀ ಬೀದ್ಯಾಗಿದ್ದಿ. ಖರೇ ಹೇಳ, ಅವ್ವ ಕುಣಿದ್ಲೇನೋ?”

ಕುಣಿದಳು ಎಂದು ಇಷ್ಟು ದಿನ ಜಗಳ ಮಾಡಿದವನ ಬಾಯಿಗೆ ಆಗ ಆ ಮಾತು ಬರಲಿಲ್ಲ. ಎತ್ತಿದ ಆ ಎರಡು ಕೈಗಳನ್ನು ನಾನು ಕಂಡಿದ್ದು ಅಲ್ಲಿಯೋ, ಇಲ್ಲಾ ರಾಳದ ವಾಸನೆಯ ಹಾಗೆ ಆಮೇಲೆ ತಂದಿಟ್ಟದ್ದೋ? ಅವ್ವ ಬಾಗಿಲು ಬಿಟ್ಟು ಹೋದಳು, ಅದು ಖಾತ್ರಿ. ಹೋಗಿ ಏನು ಮಾಡಿದಳು ಎಂಬುದು ನನಗೆ ಗೊತ್ತಿಲ್ಲ.