ಊದುಬತ್ತಿ ಕಾರ್ಖಾನೆಗೆ ಡ್ರೈವ್ ಕೂರಿಸಿದ ಸೊಹುನ್

ಗಾನ್ ಸೊಹುನ್ ಹದಿಮೂರನೇ ವಯಸ್ಸಿಗೇ ಮೋಟಾರು ಕಟ್ಟುವುದನ್ನು ಕಲಿತಳು. ಅವಳ ಅಪ್ಪ ಖಿಮ್‌ಸುಯಿ ಶಿನ್‌ಕಾಂಗ್ ಪೇಟೆಯ ಹಿಂದಿನ ಬೀದಿಯಲ್ಲಿ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಿದ್ದರು. ಒಬ್ಬಳೇ ಮಗಳು, ತಾಯಿ ಬೇಗ ತೀರಿಕೊಂಡಿದ್ದಳು. ಹೀಗಾಗಿ ಶಾಲೆ ಬಿಟ್ಟ ಕೂಡಲೇ ಸೀದಾ ಅಂಗಡಿಗೆ ಬರುವಳು. "ಸುತ್ತು ಎಣಿಸೋವಾಗ ಮಾತಾಡಬಾರದು, ಸೀನಬಾರದು, ಮದುವೆ ಯೋಚನೆ ಮಾಡಬಾರದು" ಎಂದು ಅಪ್ಪ ಹೇಳಿಕೊಟ್ಟಿದ್ದರಂತೆ. ಮೂವತ್ತೆಂಟಾದರೂ ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ ಸೊಹುನ್ ಅಕ್ಕ, "ಇನ್ನೂ ಎಣಿಸ್ತಾ ಇದ್ದೀನಿ" ಅನ್ನುತ್ತಿದ್ದಳು.

ನಾನು ಆಗ ಥಿಯಾಮ್‌ಹೊಕ್ ಯಜಮಾನರ ಊದುಬತ್ತಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಕೆಂಪು ಕಡ್ಡಿಯ ಬತ್ತಿಗಳನ್ನು ಕಟ್ಟುಕಟ್ಟಾಗಿ ಬೀಸಣಿಗೆಯ ಹಾಗೆ ಬಿಡಿಸಿ ಅಂಗಳದ ಬಿಸಿಲಿಗೆ ನಿಲ್ಲಿಸುವುದು ನನ್ನ ಕೆಲಸ. ಒಳಗೆ ಗಂಧದ ಪುಡಿ, ಅಂಟುಪುಡಿ, ನೀರು ಸೇರಿಸಿ ನಾದುವ ದೊಡ್ಡ ಕಬ್ಬಿಣದ ಕಡಾಯಿ ಇತ್ತು. ಅದನ್ನು ತಿರುಗಿಸಲು ಐದು ಅಶ್ವಶಕ್ತಿಯ ಮೋಟಾರು. ಬೆಳಿಗ್ಗೆ ಸ್ವಿಚ್ ಒತ್ತಿದರೆ ಸಾಕು, ಧಡಾರ್ ಎಂದು ಗೋಡೆ ನಡುಗುವುದು, ಬೆಲ್ಟು ಕಿರುಚುವುದು, ಬೀದಿಯ ದೀಪಗಳೆಲ್ಲ ಒಮ್ಮೆ ಮಂಕಾಗುವುವು. ತೇವದ ದಿನಗಳಲ್ಲಿ ಹಿಟ್ಟು ಅಂಟಿಕೊಂಡು ಭಾರವಾದರೆ ಮೋಟಾರು ಹೊಗೆಯಾಡಿ ಸುಟ್ಟೇಹೋಗುತ್ತಿತ್ತು. ವರ್ಷಕ್ಕೆ ಮೂರು ಸಲ ಅದು ಖಿಮ್‌ಸುಯಿ ಮಾಮನ ಅಂಗಡಿಗೆ ಹೋಗುವುದು, ಪ್ರತಿ ಸಲವೂ ನಮಗೆ ಎರಡು ದಿನ ಪುಕ್ಕಟೆ ರಜೆ.

ತೊಂಬತ್ತೇಳನೇ ಇಸವಿಯಲ್ಲಿ ಸೊಹುನ್ ಅಕ್ಕ ತೈಚುಂಗ್ ನಗರಕ್ಕೆ ಹೋಗಿ, ಮೋಟಾರಿನ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವ ಡ್ರೈವ್ ಎಂಬ ಪೆಟ್ಟಿಗೆಯ ಬಗ್ಗೆ ಹತ್ತು ದಿನದ ತರಬೇತಿ ಮುಗಿಸಿ ಬಂದಳು. ಇಪ್ಪತ್ತಾರು ಗಂಡಸರ ನಡುವೆ ಅವಳೊಬ್ಬಳೇ ಹೆಂಗಸು. ಮೊದಲ ದಿನವೇ ಒಬ್ಬ ಅವಳ ಕೈಗೆ ಚಹಾದ ಖಾಲಿ ಲೋಟ ಕೊಟ್ಟು, "ಸಕ್ಕರೆ ಬೇಡ" ಅಂದನಂತೆ. ಕೊನೆಯ ದಿನ ಅವನ ಮೋಟಾರು ಓಡದೆ ನಿಂತಾಗ ಅಕ್ಕ ಅದನ್ನು ಸರಿಮಾಡಿಕೊಟ್ಟು, ಖಾಲಿ ಲೋಟ ಚಾಚಿ, "ನನಗೆ ಸಕ್ಕರೆ ಇರಲಿ" ಅಂದಳಂತೆ.

ಊರಿಗೆ ಬಂದವಳೇ ನಮ್ಮ ಕಾರ್ಖಾನೆಗೆ ಬಂದಳು.

"ಹೊಕ್ ಚಿಕ್ಕಪ್ಪ, ನಿಮ್ಮ ಮೋಟಾರು ಇನ್ಮೇಲೆ ಸುಡದ ಹಾಗೆ ಮಾಡ್ಲಾ?"

"ಯಾವ ಗುಡೀಲಿ ಹರಕೆ ಹೊತ್ತು ಬಂದೆ?" ಅಂದರು ಯಜಮಾನರು.

"ಹರಕೆ ಅಲ್ಲ, ಒಂದು ಪೆಟ್ಟಿಗೆ. ಕರೆಂಟು ಸೀದಾ ಮೋಟಾರಿಗೆ ನುಗ್ಗಲ್ಲ, ಈ ಪೆಟ್ಟಿಗೆ ಅಳೆದು ಅಳೆದು ಕೊಡುತ್ತೆ. ಈಗ ನೀವು ಮಲಗಿರೋನ್ನ ಒದ್ದು ಎಬ್ಬಿಸ್ತಿದ್ದೀರಿ. ಇದು ಮೈ ಸವರಿ ಎಬ್ಬಿಸುತ್ತೆ. ಆಮೇಲೆ ಎಷ್ಟು ಜೋರು ಬೇಕೋ ಅಷ್ಟು, ಗುಂಡಿ ತಿರುಗಿಸಿದ್ರೆ ಆಯ್ತು."

"ನಿಮ್ಮಪ್ಪನಿಗೆ ಗೊತ್ತೇನೇ ಇದು?"

ಅಕ್ಕ ತಲೆ ಕೆರೆದುಕೊಂಡಳು.

ಗೊತ್ತಾದ ದಿನ ನಡೆದ ಜಗಳ ಬೀದಿಗೆಲ್ಲ ಕೇಳಿಸಿತು. "ಸುಟ್ಟ ಮೋಟಾರಿಂದಲೇ ಈ ಮನೆ ಒಲೆ ಉರೀತಿರೋದು! ನೀನೇ ಹೋಗಿ ನೀರು ಹುಯ್ತೀಯಾ?" ಎಂದು ಖಿಮ್‌ಸುಯಿ ಮಾಮ ಕೂಗಾಡಿದರು.

"ಆ ಒಂದು ಮೋಟಾರನ್ನ ಎಷ್ಟು ಸಲ ಕಟ್ಟಿದ್ದೀವಿ ಅಪ್ಪಾ! ಅದರ ಮುಖ ನೋಡೋಕೆ ನನಗೇ ನಾಚಿಕೆ ಆಗುತ್ತೆ."

"ನಾಚಿಕೆ ಆದ್ರೆ ಕಣ್ಣು ಮುಚ್ಕೊಂಡು ಕಟ್ಟು!"

ಅವತ್ತಿನಿಂದ ಅಪ್ಪ-ಮಗಳ ಮಾತು ನಿಂತುಹೋಯಿತು. ಊಟ ಮಾತ್ರ ಒಂದೇ ಮೇಜಿನಲ್ಲಿ. ಸೋಯಾ ಸಾಸ್ ಬೇಕಾದರೆ, "ಅವಳ ಹತ್ತಿರ ಇಸ್ಕೊಡು" ಎಂದು ಮಾಮ ಬೆಕ್ಕಿಗೆ ಹೇಳುತ್ತಿದ್ದರಂತೆ.

ಥಿಯಾಮ್‌ಹೊಕ್ ಯಜಮಾನರು ಪಂಚಾಂಗ ನೋಡಿ ಪೆಟ್ಟಿಗೆ ಕೂರಿಸಲು ದಿನ ಗೊತ್ತುಮಾಡಿದರು. ಬಂದವರಿಗೆಲ್ಲ ಕಾಣುವಂತೆ ಡ್ರೈವನ್ನು ಕಡಾಯಿಯ ಪಕ್ಕದಲ್ಲೇ ನೇತುಹಾಕಬೇಕೆಂದು ಅವರ ಆಸೆ. ಅಕ್ಕ ಒಪ್ಪಲಿಲ್ಲ. "ಇದು ಉಸಿರಾಡೋ ಪೆಟ್ಟಿಗೆ ಚಿಕ್ಕಪ್ಪ. ಒಳಗೊಂದು ಫ್ಯಾನಿದೆ. ಗಂಧದ ಪುಡಿ ಎಳ್ಕೊಂಡ್ರೆ ಎರಡೇ ತಿಂಗಳಲ್ಲಿ ಉಸಿರು ಕಟ್ಟುತ್ತೆ" ಎಂದು ಗೋಡೆಯ ಆಚೆ, ಬತ್ತಿ ಕಟ್ಟುವ ಕೋಣೆಯಲ್ಲಿ ಜಾಗ ಹುಡುಕಿದಳು. ಮೇಲೆ ಕೆಳಗೆ ಗಾಳಿಯಾಡಲು ಒಂದೊಂದು ಗೇಣು ಬಿಟ್ಟು ಪೆಟ್ಟಿಗೆಯನ್ನು ಬಿಗಿದಳು. ಅಲ್ಲಿಂದ ಮೋಟಾರಿನವರೆಗೆ ಹೊಸ ತಂತಿ ಎಳೆದಳು.

ಇನ್ನು ಪೆಟ್ಟಿಗೆಗೆ ಮೋಟಾರಿನ ಜಾತಕ ಹೇಳಬೇಕು. ಅದು ಎಷ್ಟು ವೋಲ್ಟಿನದು, ಎಷ್ಟು ಆಂಪಿಯರ್ ತಿನ್ನುತ್ತದೆ, ನಿಮಿಷಕ್ಕೆ ಎಷ್ಟು ಸುತ್ತು ಎಂಬುದೆಲ್ಲ ಮೋಟಾರಿನ ಮೈಮೇಲಿನ ತಗಡಿನಲ್ಲಿ ಕೊರೆದಿರುತ್ತದೆ. ಆದರೆ ಯಜಮಾನರು ಪ್ರತಿ ಹೊಸವರ್ಷಕ್ಕೂ ಯಂತ್ರಕ್ಕೆಲ್ಲ ಕೆಂಪು ಬಣ್ಣ ಬಳಿಯುತ್ತಿದ್ದರಲ್ಲ, ತಗಡು ಎಲ್ಲಿದೆಯೆಂದೇ ಗೊತ್ತಾಗುತ್ತಿರಲಿಲ್ಲ.

"ಹೆಸರು ಓದೋಕೆ ಬಿಡದ ಹಾಗೆ ಶೃಂಗಾರ ಮಾಡಿದ್ದೀರಲ್ಲ ಚಿಕ್ಕಪ್ಪ! ನಮ್ಮಪ್ಪನೂ ಒರೆಸಿ ನೋಡಿಲ್ಲ."

"ನಿಮ್ಮಪ್ಪನಿಗೆ ಅದರ ಹೆಸರು ಬಾಯಿಪಾಠ."

ಅಕ್ಕ ಬಣ್ಣವನ್ನು ಪದರಪದರವಾಗಿ ಕೆರೆದು ಅಂಕಿಗಳನ್ನು ಓದಿದಳು: ಇನ್ನೂರ ಇಪ್ಪತ್ತು ವೋಲ್ಟ್, ಹದಿಮೂರು ಆಂಪಿಯರ್, ಸಾವಿರದ ಏಳುನೂರ ಇಪ್ಪತ್ತು ಸುತ್ತು. ಒಂದೊಂದನ್ನೂ ಪೆಟ್ಟಿಗೆಯ ಗುಂಡಿ ಒತ್ತಿ ಒಳಗೆ ತುಂಬಿದಳು. ಆಮೇಲೆ ಬೆಲ್ಟು ಕಳಚಿ ಬರೀ ಮೋಟಾರನ್ನು ನಿಧಾನಕ್ಕೆ ಓಡಿಸಿ ನೋಡಿದಳು. ಅದು ಉಲ್ಟಾ ತಿರುಗಿತು.

ಯಜಮಾನರು ಚಪ್ಪಾಳೆ ತಟ್ಟಿ ನಕ್ಕರು. "ಏನೇ ಇದು, ಊದುಬತ್ತಿಯಿಂದ ವಾಪಸ್ಸು ಗಂಧದ ಪುಡಿ ಮಾಡ್ತೀಯಾ?"

"ಎರಡು ತಂತಿ ಅದಲುಬದಲು ಮಾಡಿದ್ರೆ ಸರಿಹೋಗುತ್ತೆ" ಎಂದು ಅಕ್ಕ ಮೇನ್ ಸ್ವಿಚ್ ಆರಿಸಿದಳು. ಯಜಮಾನರು ಸಹಾಯಕ್ಕೆಂದು ಪೆಟ್ಟಿಗೆಯೊಳಗೆ ಕೈಹಾಕಲು ಹೋದರು. ಅಕ್ಕ ಅವರ ಕೈಗೆ ಫಟ್ಟನೆ ಒಂದು ಕೊಟ್ಟಳು. ಅವರೋ ಊರಿನ ಹಿರಿಯರು, ಗುಡಿಯ ಸಮಿತಿಯವರು!

"ಸ್ವಿಚ್ ಆರಿಸಿದ್ರೂ ಅದರ ಹೊಟ್ಟೇಲಿ ಕರೆಂಟು ಕೂತಿರುತ್ತೆ ಚಿಕ್ಕಪ್ಪ! ಆ ಕೆಂಪು ದೀಪ ಆರಬೇಕು, ಆಮೇಲೂ ಹತ್ತು ನಿಮಿಷ ಬಿಡಬೇಕು."

ಯಜಮಾನರು ಕೈ ಉಜ್ಜಿಕೊಳ್ಳುತ್ತಾ, "ಹೇಳಿದ್ರೆ ಸಾಕಿತ್ತು" ಅಂದರು. ಎಲ್ಲರೂ ಕೂತು ಕಡಲೆಕಾಯಿ ಸುಲಿಯುತ್ತಾ ಹತ್ತು ನಿಮಿಷ ಕಾದೆವು. ಅಕ್ಕ ಮೀಟರು ಹಿಡಿದು ನೋಡಿ, ಮೋಟಾರಿಗೆ ಹೋಗುವ ಮೂರು ತಂತಿಗಳಲ್ಲಿ ಎರಡನ್ನು ಬದಲಿಸಿದಳು.

ಬೆಲ್ಟು ಹಾಕಿ, ಕಡಾಯಿಗೆ ಹಿಟ್ಟು ತುಂಬಿ ಶುರುಮಾಡಿದಾಗ ಪೆಟ್ಟಿಗೆ ಒಂದು ಕ್ಷಣ ಗುನುಗಿ ನಿಂತುಬಿಟ್ಟಿತು. ಐದು ಸೆಕೆಂಡಿನಲ್ಲಿ ಪೂರ್ತಿ ವೇಗಕ್ಕೆ ಏರು ಎಂದು ಅಕ್ಕ ಹೇಳಿಟ್ಟಿದ್ದಳು. ಅಷ್ಟು ಭಾರಕ್ಕೆ ಅದು ಅವಸರವಾಯಿತು. ಹದಿನೈದು ಸೆಕೆಂಡು ಕೊಟ್ಟಳು. ಆಗ ಕಡಾಯಿ, ಮಲಗಿದ ಎಮ್ಮೆ ಮೈಮುರಿದು ಏಳುವ ಹಾಗೆ, ಮೆಲ್ಲಗೆ ತಿರುಗತೊಡಗಿತು. ದೀಪ ಮಂಕಾಗಲಿಲ್ಲ. ಅಂಗಳಕ್ಕೆ ಮರಳಿದ್ದ ನಾನು ಧಡಾರ್ ಸದ್ದು ಕೇಳಿಸಲಿಲ್ಲವೆಂದು, ಮೋಟಾರು ಮತ್ತೆ ಸುಟ್ಟಿತು, ರಜೆ ಸಿಕ್ಕಿತು ಎಂದುಕೊಂಡೇ ಒಳಗೆ ಓಡಿಬಂದೆ. ಯಜಮಾನರು ಹೊಸ ಅಳಿಯನನ್ನು ನೋಡುವಂತೆ ಪೆಟ್ಟಿಗೆಯನ್ನು ನೋಡುತ್ತಾ ನಿಂತಿದ್ದರು.

ಸಂತೋಷ ಒಂದು ದಿನವೂ ಉಳಿಯಲಿಲ್ಲ. ಯಜಮಾನರ ತಾಯಿ, ಎಂಬತ್ತಾರರ ಅಜ್ಜಿ, ಬತ್ತಿ ಕಟ್ಟುವ ಕೋಣೆಯ ಪಕ್ಕದಲ್ಲೇ ಇರುತ್ತಿದ್ದಳು. ದಿನಾ ಮಧ್ಯಾಹ್ನ ಎರಡಕ್ಕೆ ರೇಡಿಯೋದಲ್ಲಿ ಒಂಗ್ ಮಾಸ್ತರರು ಬರುತ್ತಿದ್ದರು. ಅವರು ಕೆಮ್ಮಿನ ಔಷಧಿ ಮಾರುತ್ತಾ ನಡುನಡುವೆ ಹಳೆಯ ಕಾಲದ ರಾಜರ ಕಥೆ ಹೇಳುವವರು. ಮಾರನೆಯ ದಿನ ಎರಡು ಗಂಟೆಗೆ ಅಜ್ಜಿ ಕೋಲೂರಿಕೊಂಡು ಬಾಗಿಲಿಗೆ ಬಂದಳು.

"ನಿಮ್ಮ ಪೆಟ್ಟಿಗೆ ಒಂಗ್ ಮಾಸ್ತರನ್ನ ನುಂಗಿಬಿಡ್ತು! ರೇಡಿಯೋ ತುಂಬಾ ಗುರ್ ಅಂತ ಜೇನುಹುಳ. ರಾಜಕುಮಾರ ಬಾವೀಲಿ ಬಿದ್ದಿದ್ದಾನೆ ಕಣೋ, ಮೇಲೆ ಬಂದ್ನೋ ಇಲ್ವೋ ಗೊತ್ತಾಗ್ತಿಲ್ಲ!"

ಯಜಮಾನರು ತಾಯಿಯ ಮಾತು ಮೀರುವವರಲ್ಲ. ಕಡಾಯಿ ನಿಂತಿತು. ಸೊಹುನ್ ಅಕ್ಕ ಸ್ಕೂಟರ್ ಹತ್ತಿ ಓಡಿಬಂದಳು. ಪೆಟ್ಟಿಗೆ ಒಳಗೊಳಗೇ ಕರೆಂಟನ್ನು ಸೆಕೆಂಡಿಗೆ ಸಾವಿರಾರು ತುಂಡು ಮಾಡುತ್ತದಂತೆ. ಆ ಲೆಕ್ಕವನ್ನು ಇಳಿಸಿ ನೋಡಿದಳು. ರೇಡಿಯೋದ ಗುರ್ ಸದ್ದು ಸ್ವಲ್ಪ ತಗ್ಗಿತು. ಆದರೆ ಮೋಟಾರು ಸೊಳ್ಳೆಯ ರಾಗ ಎಳೆಯತೊಡಗಿತು.

"ಈಗ ಎರಡು ಕಡೆಯಿಂದ ಕೂಗುತ್ತಲ್ಲೇ!" ಅಂದಳು ಅಜ್ಜಿ.

ಎರಡು ದಿನ ಅಕ್ಕ ಆ ಅಂಕಿ ಈ ಅಂಕಿ ಬದಲಿಸಿ ಸೋತಳು. ನಗು ಬತ್ತಿಹೋಯಿತು. ನನ್ನ ಪಕ್ಕ ಅಂಗಳದಲ್ಲಿ ಕೂತು, "ಅಪ್ಪ ಹೇಳಿದ್ದೇ ಸರಿ ಆಯ್ತೇನೋ" ಅಂದಳು. ಅವಳ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ.

ಮೂರನೆಯ ದಿನ ಖಿಮ್‌ಸುಯಿ ಮಾಮ ಕೈ ಹಿಂದೆ ಕಟ್ಟಿಕೊಂಡು ಬಂದರು. "ಹೀಗೇ ಈ ಕಡೆ ಹೋಗ್ತಿದ್ದೆ" ಅಂದರು. ಅವರ ಜೇಬಿನಿಂದ ಟೆಸ್ಟರು ಇಣುಕುತ್ತಿತ್ತು. ಮಗಳ ಕಡೆ ನೋಡದೆ ಅಜ್ಜಿಯ ಹತ್ತಿರ ಹೋಗಿ ರೇಡಿಯೋ ಇಸಿದುಕೊಂಡರು. ಅದನ್ನು ಕಿವಿಗೆ ಹಿಡಿದು ಗೋಡೆಯುದ್ದಕ್ಕೂ ನಡೆದರು. ಪೆಟ್ಟಿಗೆಯ ಹತ್ತಿರ ಗುರ್. ಮೋಟಾರಿಗೆ ಹೋಗುವ ತಂತಿಯುದ್ದಕ್ಕೂ ಇನ್ನೂ ಜೋರಾಗಿ ಗುರ್.

ಕೊನೆಗೆ ಮಗಳ ಕಡೆ ತಿರುಗಿದರು. "ಅರ್ತಿಂಗ್ ಎಲ್ಲಿಗೆ ಕೊಟ್ಟಿದ್ದೀಯ?"

ಅಕ್ಕ ಅಂಗಳದ ಕಡೆ ಕೈ ತೋರಿಸಿದಳು. "ನೀವು ಹಿಂದೆ ಮೋಟಾರಿಗೆ ಕೊಟ್ಟಿದ್ದ ಕಡೆಗೇ ಅಪ್ಪಾ. ನೀರಿನ ಕೊಳವೆಗೆ."

ಇಬ್ಬರೂ ಅಂಗಳಕ್ಕೆ ಹೋದರು. ಗೋಡೆಗಂಟಿದ ಕಬ್ಬಿಣದ ಕೊಳವೆ ಇದ್ದಂತೇ ಇತ್ತು. ಮಾಮ ಬುಡದ ಮಣ್ಣು ಕೆದಕಿದರು. ಒಂದು ಗೇಣು ಕೆಳಗೆ ಕಬ್ಬಿಣ ಮುಗಿದು ಪ್ಲಾಸ್ಟಿಕ್ ಶುರುವಾಗಿತ್ತು. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ನೆಲಕ್ಕೆ ಇಳಿಯುವುದಿಲ್ಲ, ಆ ಗುರ್ ಸದ್ದಿಗೂ ಇಳಿದುಹೋಗಲು ದಾರಿಯಿರಲಿಲ್ಲ.

"ಅಜ್ಜೀ, ಈ ಕೊಳವೆ ಯಾವಾಗ ಬದಲಾಯ್ಸಿದ್ರಿ?"

"ದೊಡ್ಡ ಬಿರುಗಾಳಿ ಬಂದು ನಮ್ಮ ಹಂದಿಗೂಡಿನ ತಗಡು ಹಾರಿ ನಿನ್ನ ಅಂಗಡಿ ಮೇಲೆ ಬಿತ್ತಲ್ಲೋ, ಆ ವರ್ಷ."

ಮಾಮ ಮಣ್ಣಿನಲ್ಲೇ ಕೂತುಬಿಟ್ಟರು. "ಅಂದ್ರೆ ಹನ್ನೊಂದು ವರ್ಷದಿಂದ ಈ ಯಂತ್ರಕ್ಕೆ ಅರ್ತಿಂಗೇ ಇಲ್ಲ. ಯಾರಿಗಾದ್ರೂ ಶಾಕ್ ಹೊಡೆದಿದ್ರೆ? ನಾನು ಪ್ರತಿ ಸಲ ಮೋಟಾರು ಕಟ್ಟಿದೆ, ಒಂದು ಸಲಾನೂ ನೆಲ ನೋಡ್ಲಿಲ್ಲ."

"ನಾನೂ ಅಳೆದು ನೋಡ್ಬೇಕಿತ್ತು. ನೀವು ಹಾಕಿದ್ದಲ್ವಾ ಅಂತ ನಂಬಿಬಿಟ್ಟೆ" ಅಂದಳು ಅಕ್ಕ.

"ಕೆಲಸದಲ್ಲಿ ಅಪ್ಪನ್ನ ನಂಬಬಾರದು. ಮೀಟರನ್ನ ನಂಬಬೇಕು."

ಆಮೇಲೆ ಇಬ್ಬರಿಗೂ ಮಾತಾಡಲು ಪುರುಸೊತ್ತಿರಲಿಲ್ಲ. ಪಾತ್ರೆ ತೊಳೆಯುವ ನೀರು ಹರಿದು ಸದಾ ಹಸಿಯಾಗಿರುವ ಮೂಲೆಯಲ್ಲಿ ಆಳುದ್ದದ ತಾಮ್ರದ ಸರಳನ್ನು ನೆಲಕ್ಕೆ ಬಡಿದು ಇಳಿಸಿದರು. ಮೀಟರು ಹಿಡಿದು ಎರಡೆರಡು ಸಲ ಅಳೆದರು. "ತಂತಿಗೂ ಅಂಗಿ ತೊಡಿಸು" ಎಂದು ಮಾಮ ಹೇಳಿದಂತೆ, ಮೋಟಾರಿಗೆ ಹೋಗುವ ತಂತಿಗಳನ್ನೆಲ್ಲ ಅಕ್ಕ ಕಬ್ಬಿಣದ ಕೊಳವೆಯೊಳಗೆ ತೂರಿಸಿ, ಆ ಕೊಳವೆಯ ಎರಡು ತುದಿಗೂ ಅರ್ತಿಂಗ್ ಕೊಟ್ಟಳು. ಕರೆಂಟು ಕತ್ತರಿಸುವ ಲೆಕ್ಕವನ್ನೂ ಮೊದಲಿನಂತೆ ಏರಿಸಿದಳು. ಸೊಳ್ಳೆಯ ರಾಗ ನಿಂತಿತು.

ಎರಡು ಗಂಟೆ ದಾಟಿ ಹತ್ತು ನಿಮಿಷಕ್ಕೆ ಕಡಾಯಿ ತಿರುಗತೊಡಗಿತು. ಅಜ್ಜಿ ರೇಡಿಯೋ ಹಾಕಿದಳು. ಒಂಗ್ ಮಾಸ್ತರರ ಧ್ವನಿ ಕನ್ನಡಿಯ ಹಾಗೆ ಸ್ವಚ್ಛವಾಗಿ ಬಂತು. ನಾವೆಲ್ಲ ಹೋ ಎಂದು ಕೂಗಿದೆವು. ಅಜ್ಜಿ ಮಾತ್ರ ಹಣೆ ಚಚ್ಚಿಕೊಂಡಳು.

"ಸುಮ್ನಿರ್ರೋ! ರಾಜಕುಮಾರನಿಗೆ ಆಗ್ಲೇ ಮದುವೆ ಆಗಿಹೋಗಿದೆ! ಬಾವಿಯಿಂದ ಯಾರು ಎತ್ತಿದ್ರು? ಹುಡುಗಿ ಯಾರು? ಯಾರನ್ನ ಕೇಳ್ಲಿ ಈಗ?"

ಅದಾದ ಮೇಲೆ ಆ ಮೋಟಾರು ಸುಡಲೇ ಇಲ್ಲ. ನಮ್ಮ ಪುಕ್ಕಟೆ ರಜೆಗೂ ಕಲ್ಲು ಬಿತ್ತು, ಅದೊಂದೇ ದುಃಖ. ಯಜಮಾನರು ಮೊದಲ ವಾರ ಗುಂಡಿ ಮುಟ್ಟಲು ಹೆದರಿದರು, ಎರಡನೇ ವಾರ ಪಂಡಿತರಾದರು. ಬೆಳಿಗ್ಗೆ ಅಂಗಳಕ್ಕೆ ಬಂದು ಆಕಾಶ ನೋಡಿ, ಹಿಟ್ಟನ್ನು ಬೆರಳಲ್ಲಿ ಹಿಸುಕಿ, "ಇವತ್ತು ನಲವತ್ತೆರಡು" ಎಂದೋ "ಒಣಗಾಳಿ ಇದೆ, ಐವತ್ತು" ಎಂದೋ ಹೇಳಿ ಪೆಟ್ಟಿಗೆಯಲ್ಲಿ ವೇಗದ ಅಂಕಿ ಇಡುವರು. ಬತ್ತಿ ಮುರಿಯುವುದು ಕಡಿಮೆಯಾಯಿತು. ಗುಡಿಯ ಸಮಿತಿಯ ಸಭೆಯಲ್ಲಿ ಯಾರಾದರೂ ದುಡುಕಿ ಮಾತಾಡಿದರೆ, "ನಿನಗೆ ಹದಿನೈದು ಸೆಕೆಂಡು ಕೊಡ್ಬೇಕು ಕಣಯ್ಯ" ಅನ್ನುವುದನ್ನೂ ಕಲಿತರು.

ಸುದ್ದಿ ಹಬ್ಬಿತು. ಕಡಲೆಕಾಯಿ ಮಿಠಾಯಿಯವರು ಕರೆದರು, ಸೋಯಾ ಸಾಸ್ ಮಾಡುವವರು ಕರೆದರು. ಮಗಳು ಪೆಟ್ಟಿಗೆ ಕೂರಿಸುವುದು, ಅಪ್ಪ ಮೊದಲೇ ಹೋಗಿ ನೆಲ ಅಳೆಯುವುದು ಎಂದಾಯಿತು. ಭಾನುವಾರಗಳಲ್ಲಿ ಮಾಮ ಎರಡೆರಡು ಕನ್ನಡಕ ಏರಿಸಿಕೊಂಡು ಮಗಳಿಂದಲೇ ಪೆಟ್ಟಿಗೆಯ ಅಂಕಿಗಳ ಪಾಠ ಹೇಳಿಸಿಕೊಂಡರು. ತಪ್ಪಾದರೆ ಬೈಗುಳ ಅವರಿಗೇ ಬೀಳುತ್ತಿತ್ತು. ಅವರು ತಲೆ ತಗ್ಗಿಸಿ ಕೇಳುತ್ತಿದ್ದರು, ಆಮೇಲೆ ಹೊರಗೆ ಬಂದು, "ಎಷ್ಟು ಚೆನ್ನಾಗಿ ಬೈತಾಳೆ ನೋಡು" ಎಂದು ನಮ್ಮೆದುರು ಬೀಗುತ್ತಿದ್ದರು.

ಮುಂದಿನ ವರ್ಷ ಅಂಗಡಿಗೆ ಹೊಸ ಫಲಕ ಬರೆಸಿದರು. ಪೇಟೆಯಲ್ಲಿ 'ತಂದೆ ಮತ್ತು ಮಕ್ಕಳು' ಎಂಬ ಫಲಕಗಳು ಎಷ್ಟೋ ಇದ್ದವು, ಆ ಮಕ್ಕಳೆಲ್ಲ ಗಂಡುಮಕ್ಕಳು. ಮಾಮ ಬಣ್ಣದವನಿಗೆ 'ಗಾನ್ ಮಗಳು ಮತ್ತು ತಂದೆ' ಎಂದು ಬರೆಯಲು ಹೇಳಿದರು. ಬಣ್ಣದವನು ಮೊದಲ ಅಕ್ಷರಗಳನ್ನು ಧಾರಾಳವಾಗಿ ಬರೆದು, ಕೊನೆಗೆ ಜಾಗ ಸಾಲದೆ 'ತಂದೆ'ಯನ್ನು ಮೂಲೆಯಲ್ಲಿ ಚಿಕ್ಕದಾಗಿ ತುರುಕಿದ. ಅಳಿಸಿ ಬರೆದುಕೊಡುತ್ತೇನೆಂದು ಅವನು ಕೈಮುಗಿದರೂ ಮಾಮ ಬಿಡಲಿಲ್ಲ. ಕೆಳಗೆ ನಿಂತು, ಕತ್ತೆತ್ತಿ ಎರಡು ಸಲ ಓದಿಕೊಂಡು, "ಇರಲಿ ಬಿಡಯ್ಯ, ಅಳತೆ ಸರಿಯಾಗೇ ಇದೆ" ಅಂದರು.